ವೈರಸ್ ಒಳಹೊಕ್ಕಿದ್ದು ಜೀವಕೋಶಕ್ಕೆ ಗೊತ್ತಾಗುವುದು ಹೇಗೆ? ಆಗ ಅದು ಒಡ್ಡುವ ಪ್ರತಿರೋಧವನ್ನು ಹತೋಟಿಯಲ್ಲಿಡುವ ಪ್ರೋಟೀನ್‌ಗಳು ಯಾವುವು?

ಫ್ಲೂ ವೈರಸ್ಸನ್ನೇ ತೆಗೆದುಕೊಳ್ಳಿ. ಅದರ ಆರ್‌ಎನ್‌ಎ ತುದಿಯಲ್ಲಿ ಮೂರು ಫಾಸ್ಫೇಟ್‌ಗಳು ಬಯಲಾಗಿ ಇರುತ್ತವೆ. ನಮ್ಮ ಸಂದೇಶವಾಹಕ ಆರ್‌ಎನ್‌ಎಗಾದರೆ ಅಲ್ಲಿ ಮುಚ್ಚಳವಿದೆ. ಈ ವ್ಯತ್ಯಾಸವನ್ನು ಗುರುತಿಸುವುದು ರಿಗ್-ಐ ಎಂಬ ಪ್ರೋಟೀನ್. ಟ್ರಿಮ್25 ಎಂಬ ಇನ್ನೊಂದು ಪ್ರೋಟೀನ್ ಅದಕ್ಕೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನ್‌ಗಳ ಸರಪಳಿ ಅಂಟಿಸಿ ಚುರುಕುಗೊಳಿಸುತ್ತದೆ. ಸುದ್ದಿ ಮೈಟೋಕಾಂಡ್ರಿಯಾದ ಮೇಲಿರುವ ಮಾವ್ಸ್ ಎಂಬ ಪ್ರೋಟೀನ್‌ಗೆ, ಅಲ್ಲಿಂದ ಜೀನ್‌ಗಳನ್ನು ಚಾಲೂ ಮಾಡುವ ಐಆರ್‌ಎಫ್3 ಎಂಬ ಪ್ರೋಟೀನ್‌ಗೆ ಮುಟ್ಟುತ್ತದೆ. ಅದು ನ್ಯೂಕ್ಲಿಯಸ್ಸಿಗೆ ಹೋಗಿ ಇಂಟರ್‌ಫೆರಾನ್ ಜೀನ್ ಚಾಲೂ ಮಾಡುತ್ತದೆ. 1957ರಲ್ಲಿ ಪತ್ತೆಯಾದ ಈ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಅಕ್ಕಪಕ್ಕದ ಕೋಶಗಳನ್ನೂ ಎಚ್ಚರಿಸುತ್ತದೆ.

ಆದರೆ ನನಗೆ ಹೆಚ್ಚು ಮುಖ್ಯ ಅನಿಸುವುದು ಈ ಪ್ರತಿರೋಧಕ್ಕಿರುವ ಬ್ರೇಕ್. ಆರ್‌ಎನ್‌ಎಫ್125 ಎಂಬ ಪ್ರೋಟೀನ್ ರಿಗ್-ಐಗೆ ಗುರುತು ಹಾಕಿ ಒಡೆದುಹೋಗುವಂತೆ ಮಾಡುತ್ತದೆ. ಉರಿಯೂತ ಜಾಸ್ತಿಯಾದರೆ ನಮ್ಮ ಅಂಗಾಂಶಕ್ಕೇ ಹಾನಿ, ಅಲ್ವಾ? ವೈರಸ್ ಕೂಡ ಸುಮ್ನೆ ಕೂರುವುದಿಲ್ಲ. ಫ್ಲೂ ವೈರಸ್ಸಿನ ಎನ್‌ಎಸ್1 ಪ್ರೋಟೀನ್ ಟ್ರಿಮ್25ಕ್ಕೇ ಅಂಟಿಕೊಂಡು ಅದರ ಕೆಲಸ ತಡೆಯುತ್ತದೆ.