ಕರೆದರೂ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮದು ಹವ್ಯಾಸಿ ನಾಟಕ ತಂಡ. ಈ ಸಲ ಪೌರಕಾರ್ಮಿಕರ ಬದುಕಿನ ಬಗ್ಗೆ ನಾಟಕ ಆಡಿದೆವು. ಮುಂದಿನ ಎರಡು ಸಾಲು ಅವರಿಗೇ ಬಿಟ್ಟಿದ್ದೆವು, ಟಿಕೆಟ್ಟೂ ಇರಲಿಲ್ಲ. ಬಂದವರು ನಾಲ್ಕೇ ಜನ. ಅವರೂ ಅರ್ಧಕ್ಕೇ ಎದ್ದು ಹೋದರು. ಅವರಿಗೆ ಕಲೆಯಲ್ಲಿ ಆಸಕ್ತಿ ಇಲ್ಲವೇ?
– ತಂಡದ ಕಾರ್ಯದರ್ಶಿ

ಉತ್ತರ: ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ನಾಟಕ ಬರೆದವರು ನೀವು. ಪಾತ್ರ ಮಾಡಿದವರು ನೀವು. ದಿನ, ಹೊತ್ತು ಗೊತ್ತು ಮಾಡಿದವರೂ ನೀವೇ. ಅವರ ಪಾಲಿಗೆ ಉಳಿದದ್ದು ಕುರ್ಚಿ. ಎಷ್ಟು ಗಂಟೆಗೆ ಶುರು ಮಾಡಿದಿರಿ ಅಂತ ಬರೆದಿಲ್ಲ. ರಾತ್ರಿ ಇರಬೇಕು, ಅಲ್ವಾ? ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಇಳಿಯುವವರು ಅಷ್ಟು ಹೊತ್ತಿಗೆ ಮಲಗಬೇಕು. ಇಲ್ಲವೇ ತಮ್ಮ ಕಷ್ಟವನ್ನು ಬೇರೆಯವರು ಅಳುತ್ತಾ ಆಡುವುದು ನೋಡಲಾಗಲಿಲ್ಲವೇನೋ. ನಾನಾಗಿದ್ದರೆ ಅದಕ್ಕೇ ಎದ್ದು ಹೋಗುತ್ತಿದ್ದೆ.

ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋವಾಲ್ 1970ರ ದಶಕದಲ್ಲಿ ಪೆರುವಿನಲ್ಲಿ ಕೆಲಸ ಮಾಡುತ್ತಿದ್ದಾಗ, ಪ್ರೇಕ್ಷಕರು ಸಲಹೆ ಕೊಡುವುದು, ನಟರು ಅದನ್ನು ಆಡಿ ತೋರಿಸುವುದು ರೂಢಿಯಾಗಿತ್ತು. ಒಬ್ಬ ಹೆಂಗಸಿಗೆ ನಟರು ಹೇಗೆ ಮಾಡಿದರೂ ಸಮಾಧಾನ ಆಗಲಿಲ್ಲ. ಕೊನೆಗೆ ಬೋವಾಲ್ ಆಕೆಯನ್ನೇ ರಂಗಕ್ಕೆ ಕರೆದರು. ಫೋರಂ ಥಿಯೇಟರ್ ಹುಟ್ಟಿದ್ದು ಹಾಗೆ.

ಅದರ ಆಟ ಸರಳ. ಒಂದು ಸಣ್ಣ ನಾಟಕ, ಕೊನೆಯಲ್ಲಿ ಅನ್ಯಾಯಕ್ಕೆ ಒಳಗಾದವರೇ ಸೋಲುತ್ತಾರೆ. ಅದನ್ನೇ ಮತ್ತೆ ಮೊದಲಿನಿಂದ ಆಡುತ್ತಾರೆ. ಈ ಸಲ ನೋಡುವವರು ಯಾರು ಬೇಕಾದರೂ 'ನಿಲ್ಲಿಸಿ' ಅನ್ನಬಹುದು. ಎದ್ದು ಬಂದು ಸೋತವರ ಪಾತ್ರವನ್ನು ತಾವೇ ಮಾಡಬಹುದು. ಇದನ್ನು ನಡೆಸಿಕೊಡುವವರಿಗೆ ಜೋಕರ್ ಅಂತ ಹೆಸರು. ಇಸ್ಪೀಟಿನ ಜೋಕರ್ ಥರ, ಯಾರ ಪಕ್ಷಕ್ಕೂ ಸೇರದವರು. ದಬ್ಬಾಳಿಕೆ ಮಾಡುವವನ ಪಾತ್ರಕ್ಕೆ ಮಾತ್ರ ಸಾಮಾನ್ಯವಾಗಿ ಯಾರನ್ನೂ ಬಿಡುವುದಿಲ್ಲ. ಅವನೇ ಒಳ್ಳೆಯವನಾಗಿಬಿಟ್ಟರೆ ಕಷ್ಟ ಮಾಯವಾಗುತ್ತದೆ, ಯೋಚನೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ನಾನು ಜೋಕರ್ ಆಗಿದ್ದ ಒಂದು ಆಟದಲ್ಲಿ ಕೂಲಿ ಕಡಿತದ ದೃಶ್ಯವಿತ್ತು. ಕಾಲೇಜು ಹುಡುಗರು ಬಂದು ಮೇಸ್ತ್ರಿಯ ಮೇಲೆ ಕೂಗಾಡಿದರು, ಚಪ್ಪಾಳೆ ಬಿತ್ತು. ಆಮೇಲೆ ಕೂಲಿ ಕೆಲಸದ ಹೆಂಗಸೊಬ್ಬರು ಬಂದರು. ಕೂಗಲಿಲ್ಲ. ಹಾಜರಿ ಪುಸ್ತಕ ತೋರಿಸಿ ಅಂದರು, ಅಷ್ಟೇ. ಮೇಸ್ತ್ರಿ ಪಾತ್ರದವನಿಗೆ ಮಾತೇ ಹೊರಡಲಿಲ್ಲ. ಆ ಸಾಲು ನಮ್ಮ ಯಾರ ಸ್ಕ್ರಿಪ್ಟಿನಲ್ಲೂ ಇರಲಿಲ್ಲ.

ಬೋವಾಲ್ 1993ರಿಂದ 1996ರವರೆಗೆ ರಿಯೊ ಡಿ ಜನೈರೊ ನಗರಸಭೆಯ ಸದಸ್ಯರಾಗಿದ್ದರು. ಆಗ ಜನ ನಾಟಕದಲ್ಲಿ ಕಂಡುಕೊಂಡದ್ದನ್ನೇ ಮಸೂದೆ ಮಾಡಿ ಸಭೆಯ ಮುಂದಿಟ್ಟರು. ಹದಿಮೂರು ಕಾನೂನುಗಳು ಬಂದವು. ಆಸ್ಪತ್ರೆಯಲ್ಲಿ ವಯಸ್ಸಾದವರ ಚಿಕಿತ್ಸೆಗೆ ಸಂಬಂಧಿಸಿದ ಕಾನೂನೂ ಅದರಲ್ಲಿ ಒಂದು.

ಈಗ ನಿಮ್ಮ ತಂಡಕ್ಕೆ ಬರೋಣ. ಮುಂದಿನ ಸಲ ಸ್ಕ್ರಿಪ್ಟ್ ಹಿಡಿದು ಹೋಗಬೇಡಿ. ಅವರ ಕೆಲಸ ಮುಗಿಯುವ ಹೊತ್ತಿಗೆ, ಅವರು ಹೇಳಿದ ಜಾಗಕ್ಕೆ ಹೋಗಿ. ತಾಲೀಮಿಗೆ ಅವರು ಕೊಡುವ ಸಮಯಕ್ಕೆ ದುಡ್ಡು ಕೊಡಿ. ನಿಮ್ಮ ಲೈಟಿನವನಿಗೆ ಕೊಡುತ್ತೀರಲ್ಲ, ಇವರಿಗೂ ಕೊಡಿ. ಮಕ್ಕಳನ್ನು ಕರೆತಂದರೆ ನೋಡಿಕೊಳ್ಳಲು ಒಬ್ಬರಿರಲಿ. ಯಾವ ಕಥೆ ಅಂತ ಅವರೇ ಹೇಳಲಿ. ಕಸದ ಮಾತೇ ಬೇಡ, ನಗೆನಾಟಕ ಮಾಡೋಣ ಅಂದರೆ ನಗೆನಾಟಕವೇ ಆಗಲಿ. ಕಷ್ಟಪಡುವವರು ಕಷ್ಟವನ್ನೇ ಆಡಿ ತೋರಿಸಬೇಕು ಅನ್ನುವುದು ನಮ್ಮ ಆಸೆ, ಅವರದಲ್ಲ. ಇನ್ನೊಂದು ಮಾತು. ರಂಗದ ಮೇಲೆ ಮೇಲಧಿಕಾರಿಯನ್ನು ಬೈದವರು ಮರುದಿನ ಅದೇ ಮೇಲಧಿಕಾರಿಯ ಮುಂದೆ ನಿಲ್ಲಬೇಕು. ಕೇಳದೆ ವಿಡಿಯೊ ಹಾಕಬೇಡಿ.

ಪ್ರಶ್ನೆ: ನನ್ನ ಮಗ ಗಾಲಿಕುರ್ಚಿ ಬಳಸುತ್ತಾನೆ. ಡಾನ್ಸ್ ಅಂದರೆ ಪ್ರಾಣ. ಶಾಲೆಯ ನೃತ್ಯರೂಪಕದಲ್ಲಿ ಟೀಚರ್ ಅವನಿಗೆ ಸಿಂಹಾಸನದಲ್ಲಿ ಕೂತಿರುವ ರಾಜನ ಪಾತ್ರ ಕೊಟ್ಟಿದ್ದಾರೆ. ಖುಷಿಪಡಲೋ ಬೇಡವೋ ಗೊತ್ತಾಗುತ್ತಿಲ್ಲ.
– ಒಬ್ಬ ತಾಯಿ

ಉತ್ತರ: ಮೊದಲು ಮಗನನ್ನು ಕೇಳಿ. ಅವನಿಗೆ ಕುಣಿಯಬೇಕು ಅಂತಿದ್ದರೆ ಈ ಪಾತ್ರ ಸಾಲದು ಅಂತ ಟೀಚರ್‌ಗೆ ನೇರವಾಗಿ ಹೇಳಿ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಗಾಲಿಕುರ್ಚಿಯಲ್ಲಿ ಕುಣಿಯುವುದನ್ನು ಅವರು ನೋಡಿಯೇ ಇಲ್ಲವೇನೋ.

ಬ್ರಿಟನ್ನಿನ ನರ್ತಕಿ ಸೆಲೆಸ್ಟ್ ಡ್ಯಾಂಡೆಕರ್ 1973ರಲ್ಲಿ ಪ್ರದರ್ಶನದ ನಡುವೆ ಬಿದ್ದು ಗಾಲಿಕುರ್ಚಿ ಸೇರಿದರು. 1991ರಲ್ಲಿ ಆಡಮ್ ಬೆಂಜಮಿನ್ ಜೊತೆ ಕ್ಯಾಂಡೊಕೊ ಎಂಬ ತಂಡ ಕಟ್ಟಿದರು. ಅಂಗವೈಕಲ್ಯ ಇರುವವರು, ಇಲ್ಲದವರು ಅಲ್ಲಿ ಒಟ್ಟಿಗೆ ಕುಣಿಯುತ್ತಾರೆ. ಅಂಥ ತಂಡಗಳ ವಿಡಿಯೊ ಟೀಚರ್‌ಗೆ ತೋರಿಸಿ. ಗಾಲಿಕುರ್ಚಿಯ ಹಾಗೆ ಒಂದೇ ಸಲ ತಳ್ಳಿ ಉದ್ದಕ್ಕೆ ಜಾರುವುದು, ನಿಂತಲ್ಲೇ ಗಿರ್ರನೆ ತಿರುಗುವುದು ಕಾಲಿನ ಮೇಲೆ ಕುಣಿಯುವವರಿಗೆ ಅಷ್ಟು ಸುಲಭವಲ್ಲ. ಆ ಚಲನೆಯಿಂದಲೇ ನೃತ್ಯ ಶುರುವಾಗಲಿ, ಉಳಿದ ಮಕ್ಕಳು ಅದಕ್ಕೆ ಹೊಂದಿಕೊಳ್ಳಲಿ.

ಸ್ಟೇಜಿಗೆ ಮೆಟ್ಟಿಲಿದೆಯಾ ಅಂತ ಈಗಲೇ ನೋಡಿ. ಆ ದಿನ ನಾಲ್ಕು ಜನ ಎತ್ತಿಕೊಂಡು ಹೋಗುತ್ತೇವೆ ಅಂದರೆ ಒಪ್ಪಬೇಡಿ. ಇಳಿಜಾರು ಮಾಡಿಸಲು ಆಗದಿದ್ದರೆ ಇಡೀ ರೂಪಕ ಸ್ಟೇಜಿನ ಕೆಳಗೆ, ನೆಲದ ಮೇಲೇ ನಡೆಯಲಿ.