ಸಂಸತ್ತಿನಲ್ಲಿ ‘ಶೂನ್ಯ ವೇಳೆ’ ಅಂದರೆ ಏನು, ಯಾವಾಗ ಬರುತ್ತದೆ?
ಲೋಕಸಭೆಯಲ್ಲಿ ಸಾಮಾನ್ಯವಾಗಿ ದಿನ ಶುರುವಾಗುವುದು ಬೆಳಿಗ್ಗೆ 11ಕ್ಕೆ, ಪ್ರಶ್ನೋತ್ತರ ವೇಳೆಯಿಂದ. 12ಕ್ಕೆ ಅದು ಮುಗಿದ ಮೇಲೆ ಸಚಿವರು ಒಬ್ಬೊಬ್ಬರಾಗಿ ಎದ್ದು ಕಾಗದಪತ್ರ ಮಂಡಿಸುತ್ತಾರೆ. ನೋಡುವವರಿಗೆ ಸ್ವಲ್ಪ ಬೋರು. ಆಮೇಲೆ ಬರುವುದೇ ಶೂನ್ಯ ವೇಳೆ.

ತಮಾಷೆ ಅಂದರೆ, ಸದನದ ನಿಯಮಾವಳಿಯಲ್ಲಿ ಈ ಹೆಸರೇ ಇಲ್ಲ. ಸುಮ್ನೆ ರೂಢಿಯಿಂದ ಬಂದದ್ದು. ಮೊದಲೇ ನೋಟಿಸ್ ಕೊಟ್ಟ ಸದಸ್ಯರು ತಮ್ಮ ಕ್ಷೇತ್ರದ ಬೆಳೆ ಹಾನಿ, ನಿಂತುಹೋದ ರೈಲು, ಇಂಥ ತುರ್ತು ವಿಷಯ ಎತ್ತುತ್ತಾರೆ. ಸಚಿವರು ಆಗಲೇ ಉತ್ತರ ಕೊಡಬೇಕೆಂದೇನೂ ಇಲ್ಲ.

ರಾಜ್ಯಸಭೆಯಲ್ಲಿ 2014ರ ಕೊನೆಯಿಂದ ಕ್ರಮ ಉಲ್ಟಾ: ಶೂನ್ಯ ವೇಳೆ ಮೊದಲು, ಪ್ರಶ್ನೋತ್ತರ 12ಕ್ಕೆ. ಅಲ್ಲಿ ಒಬ್ಬರಿಗೆ ಮೂರೇ ನಿಮಿಷ. ಮುಗಿಯಿತೋ, ಮೈಕ್ ಬಂದ್. ಮಾತು ಅರ್ಧಕ್ಕೆ ನಿಂತರೂ ಅಷ್ಟೇ!