ಕಾರ್ಯದರ್ಶಿ ಆಗಬೇಕಾ ಅಂತ ಕೇಳಿದ್ದೀರಿ, ಮೊದಲು ನಡಾವಳಿ ಪುಸ್ತಕ ತರಿಸಿ ನೋಡಿ

ಎಂಜಿನಿಯರುಗಳ ಸಂಘಕ್ಕೆ ಕಾರ್ಯದರ್ಶಿ ಆಗಿ ಅಂತ ಹಿರಿಯರು ಬೆನ್ನು ಹತ್ತಿದ್ದಾರೆ, ನನ್ನಲ್ಲಿ ನಾಯಕತ್ವದ ಗುಣ ಇದೆಯೋ ಇಲ್ಲವೋ, ಸಮಯವೂ ಇಲ್ಲ, ಒಪ್ಪಿಕೊಳ್ಳಲಾ ಬೇಡವಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ 2017 ಕಣ್ಣ ಮುಂದೆ ಬಂತು.

ಆಗ ನಾನು ಶಿವಮೊಗ್ಗದಲ್ಲಿ ಸಿವಿಲ್ ಎಂಜಿನಿಯರುಗಳ ಒಂದು ಸಂಘದ ಕಾರ್ಯದರ್ಶಿ. 84 ಸದಸ್ಯರು. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಯಿಂದೆಲ್ಲ ಬರುತ್ತಿದ್ದರು. ಯಾರಿಗೂ ಸಂಬಳ ಇಲ್ಲ. ದುರ್ಗಿಗುಡಿಯಲ್ಲಿ ಮಹಡಿ ಮೇಲೆ ಒಂದು ರೂಮು, ಅದರಲ್ಲಿ ಕಬ್ಬಿಣದ ಬೀರು, ಅಷ್ಟೇ ನಮ್ಮ ಆಫೀಸು. ಭಾಷಣ, ಸೈಟ್ ವಿಸಿಟ್, ಸೆಪ್ಟೆಂಬರ್ 15ರ ಎಂಜಿನಿಯರ್ಸ್ ಡೇ, ಎಲ್ಲದಕ್ಕೂ ನಾನೇ ಓಡಾಡುತ್ತಿದ್ದೆ. ಜನ ಸೇರಿಸುವುದರಲ್ಲಿ ನನಗೆ ಯಾವತ್ತೂ ಕಷ್ಟ ಆಗಲಿಲ್ಲ.

ಆ ವರ್ಷ ಆಗಸ್ಟ್‌ನಲ್ಲಿ ಸರ್ವಸದಸ್ಯರ ಸಭೆ. ಮಳೆಗಾಲದಲ್ಲಿ ಸ್ಲಾಬ್ ಕೆಲಸ ಕಡಿಮೆ, ಜನ ಸಿಗುತ್ತಾರೆ ಅಂತ ಆ ತಿಂಗಳು ಇಟ್ಟಿದ್ದೆವು. ನಮ್ಮ ಖಜಾಂಚಿಗೆ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿ ಹೊರಟಿದ್ದರು, ಅವರ ಜಾಗಕ್ಕೆ ಹೊಸಬರನ್ನು ಆರಿಸಬೇಕಿತ್ತು. ಮಧ್ಯಾಹ್ನ ಕರೆಂಟ್ ಹೋಯಿತು. ಹೊರಗೆ ಜಡಿಮಳೆ. ಹೊಸನಗರದವರು ಬಸ್ಸು ತಪ್ಪುತ್ತದೆ ಅಂತ ಬಾಗಿಲಲ್ಲೇ ನಿಂತಿದ್ದರು. ಯಾರೋ ಒಂದು ಹೆಸರು ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು, ಅವಿರೋಧ ಆಯ್ಕೆ ಅಂತ ಮುಗಿಸಿದೆವು.

ನನ್ನ ತಪ್ಪು ಆಗಿದ್ದು ಆ ಹೊತ್ತಿನಲ್ಲಿ. ಸಭೆಯ ತೀರ್ಮಾನಗಳನ್ನು ಬರೆದಿಡುವ ನಡಾವಳಿ ಪುಸ್ತಕ ಬೀರುವಿನಲ್ಲೇ ಇತ್ತು. ತೆಗೆಯಲಿಲ್ಲ. ಭಾನುವಾರ ಕೂತು ಚೆನ್ನಾಗಿ ಬರೆದರಾಯಿತು ಅಂತ ಒಂದು ಬಿಡಿ ಹಾಳೆಯಲ್ಲಿ ಎಲ್ಲರ ಸಹಿ ಹಾಕಿಸಿದೆ. ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು ಅಂತ ಬರೆದುಕೊಳ್ಳಲಿಲ್ಲ. ಬ್ಯಾಂಕ್ ಖಾತೆಗೆ ಇನ್ನು ಮುಂದೆ ಯಾರು ಸಹಿ ಹಾಕಬೇಕು ಅನ್ನುವ ಠರಾವನ್ನೂ ಬರೆಯಲಿಲ್ಲ. ಆ ಹಾಳೆಯನ್ನು ಮಡಚಿ ಸ್ಕೂಟರ್ ಡಿಕ್ಕಿಗೆ ಹಾಕಿದೆ. ನಾಲ್ಕು ದಿನ ಬಿಟ್ಟು ತೆಗೆದರೆ ನೀರು ಹೊಕ್ಕು, ಇಂಕು ಹರಡಿ, ಸಹಿಗಳೆಲ್ಲ ನೀಲಿ ಕಲೆ ಆಗಿದ್ದವು. ಹಾಳೆಯ ಮಡಿಕೆ ಬಿಡಿಸುವಾಗಲೇ ಅದು ಎರಡು ತುಂಡಾಯಿತು. ಆಗಲಾದರೂ ಅಧ್ಯಕ್ಷರಿಗೆ ಹೇಳಬೇಕಿತ್ತು, ಅಲ್ವಾ? ಹೇಳಲಿಲ್ಲ. ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಿ ಮತ್ತೆ ಸಹಿ ಹಾಕಿಸಿಕೊಳ್ಳುತ್ತೇನೆ ಅಂತ ಮುಂದೂಡಿದೆ. ನಮ್ಮ ಸಂಘ ನೋಂದಣಿ ಆಗಿದ್ದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ. ಅದರ ಪ್ರಕಾರ ವಾರ್ಷಿಕ ಸಭೆ ಆದ 14 ದಿನದೊಳಗೆ ಹೊಸ ಪದಾಧಿಕಾರಿಗಳ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಅದೂ ದಾಟಿತು.

ನವೆಂಬರ್‌ನಲ್ಲಿ ನಮ್ಮ ಸದಸ್ಯರೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ನಲವತ್ತಾರು ವರ್ಷ. ಅಂಥವರ ಮನೆಗೆ ಕೊಡಲೆಂದೇ ಕ್ಷೇಮನಿಧಿ ಇಟ್ಟಿದ್ದೆವು, 50,000 ರೂಪಾಯಿ ಕೊಡಬೇಕಿತ್ತು. ಚೆಕ್ಕಿಗೆ ಖಜಾಂಚಿ ಸಹಿ ಕಡ್ಡಾಯ. ಹಳೆಯವರು ಮಸ್ಕತ್‌ನಲ್ಲಿ, ಹೊಸಬರ ಸಹಿ ಬ್ಯಾಂಕಿನಲ್ಲಿ ಇಲ್ಲ. ಬ್ಯಾಂಕಿನವರು ಠರಾವಿನ ನಕಲು ಕೇಳಿದರು, ನೋಂದಣಿ ಕಚೇರಿಗೆ ಕೊಟ್ಟ ಪಟ್ಟಿ ಕೇಳಿದರು. ಎರಡೂ ಇರಲಿಲ್ಲ. ಅವರು ಕೇಳಿದ್ದು ನ್ಯಾಯವೇ.

ಹಿಂದಿನ ತಾರೀಕು ಹಾಕಿ ಬರೆದುಬಿಡಿ ಅಂದವರೂ ಇದ್ದರು. ಅದನ್ನು ಮಾಡಲಿಲ್ಲ. ಮತ್ತೆ ಸಭೆ ಕರೆಯಬೇಕಾಯಿತು. ನಮ್ಮ ಬೈಲಾ, ಅಂದರೆ ಸಂಘದ ನಿಯಮಗಳ ಪ್ರಕಾರ 21 ದಿನದ ನೋಟಿಸು ಕೊಡಬೇಕು, ಕೋರಂಗೆ, ಅಂದರೆ ಸಭೆ ನಡೆಸಲು ಕನಿಷ್ಠ 28 ಜನ ಇರಬೇಕು. ಆದರೆ ಅದು ಅಡಿಕೆ ಕೊಯ್ಲಿನ ಕಾಲ, ನಮ್ಮಲ್ಲಿ ಎಂಜಿನಿಯರುಗಳಿಗೂ ತೋಟ ಇರುತ್ತದಲ್ಲ, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರ ಬರುವ ದಿನ ಮನೆ ಬಿಟ್ಟು ಯಾರೂ ಅಲ್ಲಾಡುವುದಿಲ್ಲ. 19 ಜನ ಬಂದರು. ಮತ್ತೆ ಮುಂದೂಡಿ, ಮತ್ತೆ ನೋಟಿಸು ಕಳಿಸಿ, ಹಣ ಆ ಮನೆಗೆ ತಲುಪುವಾಗ ಜನವರಿ ಕೊನೆ. ಅಷ್ಟರಲ್ಲಿ ನಾವು ಐದಾರು ಜನ ಕೈಯಿಂದ ಸೇರಿಸಿ ಹದಿನೈದು ಸಾವಿರ ಕೊಟ್ಟಿದ್ದೆವು. ಚೆಕ್ ಕೊಡಲು ಹೋದಾಗ ಅವರ ಮನೆಯವರು ಬೈಯಲಿಲ್ಲ. ಮಗಳ ಫೀಸಿಗೆ ಬಳೆ ಅಡವಿಟ್ಟಿದ್ದೆ, ಇದರಲ್ಲಿ ಬಿಡಿಸಿಕೊಳ್ಳುತ್ತೇನೆ ಸರ್ ಅಂದರು. ಆ ಬರಿ ಕೈ ಇವತ್ತಿಗೂ ಕಣ್ಣಲ್ಲಿದೆ.

ಅದಕ್ಕೇ ಹೇಳುತ್ತೇನೆ, ನಾಯಕತ್ವದ ಗುಣ ಇದೆಯಾ ಅನ್ನುವ ಪ್ರಶ್ನೆ ಬಿಡಿ. ನನಗೆ ಅದು ಇತ್ತು ಅಂತ ಎಲ್ಲರೂ ಹೇಳುತ್ತಿದ್ದರು. ಒಪ್ಪಿಕೊಳ್ಳುವ ಮೊದಲು ಆ ಹಿರಿಯರ ಹತ್ತಿರ ಬೈಲಾ, ನಡಾವಳಿ ಪುಸ್ತಕ, ಹೋದ ವರ್ಷ ಪಟ್ಟಿ ಸಲ್ಲಿಸಿದ್ದಕ್ಕೆ ಸ್ವೀಕೃತಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಖಂಡಿತ ಒಪ್ಪಿಕೊಳ್ಳಬೇಡಿ, ಎಷ್ಟೇ ದೊಡ್ಡವರು ಹೇಳಲಿ. ಕೊಟ್ಟರೆ, ಸಮಯ ಇಲ್ಲ ಅನ್ನುವುದು ಅಂಥ ದೊಡ್ಡ ತೊಂದರೆ ಅಲ್ಲ. ಕಾರ್ಯಕ್ರಮ ಬೇರೆಯವರು ಮಾಡಲಿ, ಸುಮ್ನೆ ಎಲ್ಲ ಮೈಮೇಲೆ ಎಳೆದುಕೊಳ್ಳಬೇಡಿ. ಸಭೆ ಮುಗಿಯುವ ಮೊದಲೇ ಠರಾವು ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿ, ಅಲ್ಲೇ ಸಹಿ ಹಾಕಿಸಿ. ಬಸ್ಸು ತಪ್ಪುತ್ತದೆ ಅಂದರೆ ಸಭೆಯನ್ನೇ ಒಂದು ಗಂಟೆ ಮುಂಚೆ ಶುರು ಮಾಡಿ.

ಇನ್ನೊಂದು. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಇಇಯಂಥ ದೊಡ್ಡ ಕಡೆ ಅಧ್ಯಕ್ಷರಾಗುವವರು ಒಂದು ವರ್ಷ ಮುಂಚೆಯೇ ಆಯ್ಕೆಯಾಗಿ ಮಂಡಳಿಯಲ್ಲಿ ಕೂರುತ್ತಾರೆ, ಅವಧಿ ಮುಗಿದ ಮೇಲೂ ಒಂದು ವರ್ಷ ಮಾಜಿಯಾಗಿ ಜೊತೆಗಿರುತ್ತಾರೆ. ನಮ್ಮ ಊರಿನ ಸಂಘಗಳಲ್ಲಿ ಹಾರ ಹಾಕಿಸಿಕೊಂಡ ಮರುದಿನವೇ ಹಳಬರು ಫೋನ್ ಎತ್ತುವುದಿಲ್ಲ. ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದರಿಂದ ಹಿಡಿದು ಹೊಸಬರು ಹುಡುಕಬೇಕು. ನಾನು ಬಿಡುವ ವರ್ಷ ಬೈಲಾ ತಿದ್ದುಪಡಿ ಮಾಡಿಸಿ ಸಹ ಕಾರ್ಯದರ್ಶಿ ಅಂತ ಒಂದು ಜಾಗ ಸೇರಿಸಿದೆವು. ಮುಂದಿನ ಕಾರ್ಯದರ್ಶಿ ಅವರೇ. ಒಂದು ವರ್ಷ ಪಕ್ಕದಲ್ಲಿ ಕೂತು ನೋಡುತ್ತಾರೆ. ನಿಮ್ಮಲ್ಲಿ ಆ ಹುದ್ದೆ ಇದ್ದರೆ ಮೊದಲು ಅದನ್ನೇ ಕೇಳಿ ಪಡೆಯಿರಿ.

ನಿಮ್ಮ ಬೈಲಾದಲ್ಲಿ ನೋಟಿಸಿಗೆ ಎಷ್ಟು ದಿನ, ಕೋರಂ ಎಷ್ಟು, ಚೆಕ್ಕಿಗೆ ಯಾರ ಸಹಿ ಅಂತ ನೋಡಿ ಇಲ್ಲೇ ಕೆಳಗೆ ಬರೆಯಿರಿ. ಸಹಿ ಬದಲಾವಣೆಯ ಠರಾವಿನ ಮಾದರಿ ನನ್ನ ಹತ್ತಿರ ಇದೆ, ನಿಮಗೆ ಹೊಂದುವ ಹಾಗೆ ಟೈಪ್ ಮಾಡಿ ಹಾಕುತ್ತೇನೆ.